ಎಡಗೈ ಎಂದರೆ ಮೌನವಲ್ಲ

ಸ್ಪ್ಯಾನಿಷ್‌ನಲ್ಲಿ 'ತೆನೇರ್ ಮಾನೊ ಇಸ್ಕಿಯೆರ್ದಾ' ಎಂಬ ನುಡಿಗಟ್ಟಿದೆ. ಅಕ್ಷರಶಃ 'ಎಡಗೈ ಇರುವುದು'. ಬಿಕ್ಕಟ್ಟನ್ನು ಯಾರ ಮುಖವನ್ನೂ ಮುರಿಯದೆ ನಾಜೂಕಾಗಿ ಬಿಡಿಸಬಲ್ಲವರಿಗೆ ಸಲ್ಲುವ ಹೊಗಳಿಕೆ ಇದು. ಎಡಗೈಯಲ್ಲಿ ಏನನ್ನೂ ಕೊಡಬಾರದು, ತೆಗೆದುಕೊಳ್ಳಬಾರದು ಎಂದು ಕಲಿತು ಬಂದ ನಮಗೆ ಮೊದಮೊದಲು ವಿಚಿತ್ರವೆನಿಸುತ್ತದೆ. ಆದರೂ ಇಲ್ಲಿ ಮ್ಯಾಡ್ರಿಡ್‌ನಲ್ಲಿ ನಮ್ಮವರು ಈ ಮಾತನ್ನು ಬೇಗ ಕಲಿತಿದ್ದಾರೆ, ತಪ್ಪಾಗಿ ಕಲಿತಿದ್ದಾರೆ. ಅವರ ಪಾಲಿಗೆ ಎಡಗೈ ಎಂದರೆ ಬಾಯಿ ಮುಚ್ಚಿಕೊಂಡಿರುವುದು. ನನ್ನ ತಕರಾರು ಇರುವುದು ಇಲ್ಲೇ.

ನುಡಿಗಟ್ಟಿನ ಮೂಲಕ್ಕೆ ಎರಡು ವಿವರಣೆಗಳಿವೆ. ಕುದುರೆ ಸವಾರನ ಬಲಗೈಯಲ್ಲಿ ಆಯುಧ, ಎಡಗೈಯಲ್ಲಿ ಲಗಾಮು ಎನ್ನುವುದು ಒಂದು. ಇನ್ನೊಂದು ಗೂಳಿಕಾಳಗದ್ದು. ಆ ಆಟವನ್ನು ನಾನು ಮೆಚ್ಚುವವನಲ್ಲ, ಆದರೆ ವಿವರ ಗಮನಿಸಿ: ಕೆಂಪು ಬಟ್ಟೆಯನ್ನು ಬಲಗೈಯಲ್ಲಿ ಹಿಡಿದರೆ ಕತ್ತಿಯ ಆಸರೆಯಲ್ಲಿ ಅದು ಅಗಲವಾಗಿ ಹರಡುತ್ತದೆ. ಎಡಗೈಗೆ ಆ ಆಸರೆಯಿಲ್ಲ. ಬಟ್ಟೆ ಕಿರಿದು, ಅಪಾಯ ಹೆಚ್ಚು. ಯಾವ ಮೂಲವನ್ನು ಒಪ್ಪಿದರೂ ಎಡಗೈ ದುಡಿಯುವ ಕೈಯೇ.

ಸ್ಪೇನಿನ ಇತಿಹಾಸವೂ ಇದನ್ನೇ ಹೇಳುತ್ತದೆ. ಫ್ರಾಂಕೊ ಸತ್ತು ಎರಡು ವರ್ಷವೂ ಆಗಿರಲಿಲ್ಲ. ಪ್ರಧಾನಿ ಅಡೋಲ್ಫೊ ಸುವಾರೆಸ್ ಕಮ್ಯುನಿಸ್ಟ್ ಪಕ್ಷದ ಮೇಲಿನ ನಿಷೇಧ ತೆಗೆಯಬೇಕಿತ್ತು. ಸೈನ್ಯ ಕೆಂಡ ಕಾರುತ್ತಿತ್ತು. ಅವರು ಆರಿಸಿಕೊಂಡ ದಿನ 1977ರ ಏಪ್ರಿಲ್ 9, ಈಸ್ಟರ್ ಹಬ್ಬದ ಹಿಂದಿನ ಶನಿವಾರ. ದೇಶ ರಜೆಯಲ್ಲಿತ್ತು. ನೌಕಾ ಸಚಿವರು ರಾಜೀನಾಮೆ ಕೊಟ್ಟರು, ಆದರೆ ಜೂನ್ 15ರ ಚುನಾವಣೆಯಲ್ಲಿ ಕಮ್ಯುನಿಸ್ಟರೂ ಸ್ಪರ್ಧಿಸಿದರು. ನಾಜೂಕು ಇದ್ದದ್ದು ದಿನದ ಆಯ್ಕೆಯಲ್ಲಿ. ಆಗಬೇಕಾದ ಕೆಲಸ ಪೂರ್ತಿಯಾಗಿ ಆಯಿತು.

ಈಗ ನಮ್ಮ ಮನೆಯಂಗಳಕ್ಕೆ ಬನ್ನಿ. ಹಾಸನದ ಕಡೆಯ ಹುಡುಗನೊಬ್ಬನಿಗೆ ಇಲ್ಲಿನ ಹೋಟೆಲೊಂದರಲ್ಲಿ ಎರಡು ತಿಂಗಳ ಓವರ್‌ಟೈಮ್ ದುಡ್ಡು ಬಂದಿರಲಿಲ್ಲ. ನಮ್ಮ ಹಿರಿಯರ ಬುದ್ಧಿವಾದ: "ಸ್ವಲ್ಪ ಮಾನೊ ಇಸ್ಕಿಯೆರ್ದಾ ಇರ್ಲಿ ಕಣಪ್ಪಾ, ಸುಮ್ನಿರು." ಅದೇ ಹಿರಿಯರು ತಮ್ಮ ಬೋನಸ್ ಒಂದು ವಾರ ತಡವಾದರೆ ಮೇಲಧಿಕಾರಿಗಳಿಗೆಲ್ಲ ಈಮೇಲ್ ಹಾಕುವವರು! ನಯವೆಂಬುದು ಬಡವನಿಗೆ ಮಾತ್ರ ವಿಧಿಸುವ ಸುಂಕವೇ?

ದಿನದಿನದ ದುಡಿಮೆಯ ಗಂಟೆಗಳನ್ನು ದಾಖಲಿಸುವುದು 2019ರಿಂದ ಇಲ್ಲಿ ಮಾಲೀಕರಿಗೆ ಕಡ್ಡಾಯ. ಆ ದಾಖಲೆಯನ್ನು ನಾಲ್ಕು ವರ್ಷ ಕಾಪಿಡಬೇಕು, ಕೆಲಸಗಾರ ನೋಡಲು ಸಿಗುವಂತಿರಬೇಕು. ಹುಡುಗ ಮತ್ತು ನಾನು ಕೂತು ಲೆಕ್ಕ ಬರೆದೆವು. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವನು ಮಾಲೀಕರ ಮುಂದೆ ಹಾಳೆ ಇಟ್ಟ. "ಲೆಕ್ಕದಲ್ಲಿ ಏನೋ ಬಿಟ್ಟುಹೋದ ಹಾಗಿದೆ, ದಾಖಲೆ ಜೊತೆ ತಾಳೆ ನೋಡೋಣ್ವಾ?" ಎಂದ. ಕಳ್ಳ ಎನ್ನಲಿಲ್ಲ, ಒಂದು ಯೂರೋವನ್ನೂ ಬಿಡಲಿಲ್ಲ. ಹಣ ಎರಡು ಕಂತಿನಲ್ಲಿ ಬಂತು. ಎಡಗೈ ಎಂದರೆ ಇದು.

ನಮ್ಮ ಗಾದೆಯೊಂದು ಎರಡು ರೂಪದಲ್ಲಿ ಓಡಾಡುತ್ತದೆ. 'ಹಾವೂ ಸಾಯಬಾರದು, ಕೋಲೂ ಮುರಿಯಬಾರದು' ಎನ್ನುವವರಿದ್ದಾರೆ. 'ಹಾವು ಸಾಯಬೇಕು, ಕೋಲು ಮುರಿಯಬಾರದು' ಎನ್ನುವವರೂ ಇದ್ದಾರೆ. ಮೊದಲನೆಯದನ್ನು ಜಾಣತನವೆಂದು ಮಾರುವವರ ಕೋಲು ಭದ್ರವಾಗಿರುತ್ತದೆ, ಹಾವು ಮಾತ್ರ ಬೇರೆಯವರ ಮನೆಯಲ್ಲಿರುತ್ತದೆ. ಸ್ಪೇನಿನ ಎಡಗೈ ಎರಡನೆಯ ಗಾದೆಗೆ ಸೇರಿದ್ದು. ನಾವು ಕಲಿಯುವುದಾದರೆ ಅದನ್ನು ಕಲಿಯೋಣ.