ಕಾರ್ಖಾನೆಯ ಮನೆಗೆ ಬೀದರಿನಲ್ಲಿ ಗಿರಾಕಿ ಯಾರು?

ಕಾರ್ಖಾನೆಯಲ್ಲಿ ತಯಾರಾಗಿ ಲಾರಿಯಲ್ಲಿ ಬರುವ ಕಟ್ಟಡಗಳ ಮೇಲೆ ಷೇರುಪೇಟೆಗೆ ಇತ್ತೀಚೆಗೆ ಪ್ರೀತಿ ಹುಟ್ಟಿದೆ. 2024ರ ಆಗಸ್ಟ್‌ನಲ್ಲಿ ಇಂಟರಾರ್ಕ್ ಕಂಪನಿ ₹600 ಕೋಟಿಯ ಷೇರು ಮಾರಾಟಕ್ಕೆ ಇಳಿಯಿತು; 2025ರ ಸೆಪ್ಟೆಂಬರ್‌ನಲ್ಲಿ ಈಪ್ಯಾಕ್ ಪ್ರಿಫ್ಯಾಬ್ ₹504 ಕೋಟಿಗೆ ಬಂತು. ಇಂಥ ಷೇರು ಕೊಳ್ಳಿ ಎನ್ನುವವರ ವಾದ ಸರಳ. ದೇಶಕ್ಕೆ ಲೆಕ್ಕವಿಲ್ಲದಷ್ಟು ಮನೆ ಬೇಕು. ಕಟ್ಟುವ ಕೈಗಳು ಕಡಿಮೆಯಾಗುತ್ತಿವೆ. ಹಾಗಾಗಿ ನಾಳೆಯ ಮನೆ ಕಾರ್ಖಾನೆಯಿಂದಲೇ ಬರಬೇಕು. ಮೊದಲೆರಡು ಮಾತಿಗೆ ಯಾರದೂ ತಕರಾರಿಲ್ಲ. ಗ್ರಾಮೀಣ ಭಾಗದಲ್ಲಿ ಇನ್ನೂ 2 ಕೋಟಿ ಮನೆ ಕಟ್ಟಲು ಕೇಂದ್ರ ಸಂಪುಟ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. ಮೂರನೆಯ ಮಾತು ಮಾತ್ರ ಮೊದಲೆರಡರಿಂದ ತಾನಾಗಿ ಹುಟ್ಟುವುದಿಲ್ಲ. ಕರ್ನಾಟಕದ ಬೀದರ್ ಜಿಲ್ಲೆಯ ಬೀದರ್ ನಗರ, ಭಾಲ್ಕಿ, ಔರಾದ್‌ಗಳಲ್ಲಿ ಮನೆ ಹೇಗೆ ಏಳುತ್ತದೆ ಎಂದು ನೋಡಿದರೆ ಆ ವಾದ ಎಲ್ಲಿ ಮುರಿಯುತ್ತದೆ ಎಂಬುದು ಗೊತ್ತಾಗುತ್ತದೆ.

ಸಿದ್ಧ ಮನೆಯ ಪರವಾಗಿ ಹೇಳಬೇಕಾದ್ದನ್ನು ಮೊದಲು ಹೇಳಿಬಿಡೋಣ. ತಂತ್ರದಲ್ಲಿ ದೋಷವಿಲ್ಲ. ಬೀದರ್ ಜಿಲ್ಲೆಯಲ್ಲಿ ಒಳ್ಳೆಯ ಗೌಂಡಿ ಸಿಗುವುದು ನಿಜವಾಗಿಯೂ ಕಷ್ಟ. ಕೆಲಸ ಬಲ್ಲವರು ಹೈದರಾಬಾದಿಗೋ ಪುಣೆಗೋ ಹೋಗುತ್ತಾರೆ, ಅಲ್ಲಿನ ದಿನಗೂಲಿ ಇಲ್ಲಿಯದಕ್ಕಿಂತ ಹೆಚ್ಚು. ಸಿದ್ಧ ಭಾಗಗಳು ಎಷ್ಟು ಚುರುಕಾಗಿ ಕಟ್ಟಡವಾಗುತ್ತವೆ ಎಂಬುದನ್ನು ಕರ್ನಾಟಕ 2017ರಲ್ಲಿ ಕಣ್ಣಾರೆ ಕಂಡಿದೆ. ಆ ವರ್ಷದ ಆಗಸ್ಟ್ 16ರಂದು ಬೆಂಗಳೂರಿನಲ್ಲಿ 101 ಇಂದಿರಾ ಕ್ಯಾಂಟೀನುಗಳು ಒಟ್ಟಿಗೆ ಶುರುವಾದವು. ಅವುಗಳ ಕಾಂಕ್ರೀಟ್ ಗೋಡೆಗಳನ್ನು ತಮಿಳುನಾಡಿನ ಕೃಷ್ಣಗಿರಿಯಲ್ಲಿದ್ದ ಕೆಇಎಫ್ ಇನ್ಫ್ರಾ ಕಾರ್ಖಾನೆಯಲ್ಲಿ ಎರಕ ಹೊಯ್ದು ತಂದು ನಿಲ್ಲಿಸಲಾಗಿತ್ತು. ಕೆಲವೇ ತಿಂಗಳಲ್ಲಿ ಅಷ್ಟು ಕಟ್ಟಡಗಳನ್ನು ಗೌಂಡಿಗಳ ಕೈಯಲ್ಲಿ ಏಳಿಸುವುದು ಆಗದ ಮಾತು.

ಆದರೆ ಆ ಆರ್ಡರಿನ ಸ್ವರೂಪ ನೋಡಿ. ಗಿರಾಕಿ ಒಬ್ಬನೇ, ನಕ್ಷೆ ಒಂದೇ, ಕಟ್ಟಡಗಳು ನೂರಕ್ಕೂ ಹೆಚ್ಚು. ಕಾರ್ಖಾನೆಗೆ ಬೇಕಾದ್ದು ಇಂಥ ಆರ್ಡರು. ಅಚ್ಚು, ಕ್ರೇನು, ಶೆಡ್ಡು, ಸಾಲದ ಬಡ್ಡಿ ಇವು ಕೆಲಸವಿದ್ದರೂ ಇಲ್ಲದಿದ್ದರೂ ಓಡುವ ಖರ್ಚುಗಳು. ಒಂದೇ ಅಚ್ಚಿನಿಂದ ಸಾವಿರ ಗೋಡೆ ತೆಗೆದರೆ ಲಾಭ. ಹತ್ತು ತೆಗೆದು ಅಚ್ಚು ಬದಲಿಸಿದರೆ ನಷ್ಟ. ಹೀಗಾಗಿ ಸಿದ್ಧ ಮನೆಯ ಕಂಪನಿಯನ್ನು ಅಳೆಯುವಾಗ ಮನೆ ಗಟ್ಟಿಯೋ ಅಲ್ಲವೋ ಎಂಬುದು ಎರಡನೆಯ ಪ್ರಶ್ನೆ. ವರ್ಷವಿಡೀ ಒಂದೇ ಬಗೆಯ ಬೇಡಿಕೆ ಎಲ್ಲಿಂದ ಬರುತ್ತದೆ ಎಂಬುದು ಮೊದಲನೆಯದು.

ಭಾಲ್ಕಿ ಕಡೆಯ ರೈತಕುಟುಂಬದ ಮನೆಯಿಂದ ಅಂಥ ಬೇಡಿಕೆ ಬರುವುದಿಲ್ಲ. ಅಲ್ಲಿ ಮನೆ ಕಂತುಕಂತಾಗಿ ಏಳುತ್ತದೆ. ಸೋಯಾ ರಾಶಿಯಾದ ವರ್ಷ ಪಾಯ ಹಾಕುತ್ತಾರೆ. ಸಕ್ಕರೆ ಕಾರ್ಖಾನೆಯಿಂದ ಕಬ್ಬಿನ ಬಿಲ್ಲು ಬಂದರೆ ಗೋಡೆ ಏಳುತ್ತದೆ, ತಡವಾದರೆ ಗೋಡೆಯೂ ತಡ. ತೊಗರಿಗೆ ದರ ಬಂದ ವರ್ಷ ಸ್ಲ್ಯಾಬ್ ಬೀಳುತ್ತದೆ. ನಡುವೆ ಮಗಳ ಮದುವೆ ಬಂದರೆ ಎರಡು ವರ್ಷ ಪತ್ರಾ ಹೊದಿಸಿಕೊಂಡೇ ಇರುತ್ತಾರೆ. ಸ್ಲ್ಯಾಬಿನ ಮೇಲೆ ಕಾಲಂ ಕಬ್ಬಿಣಗಳನ್ನು ತುಕ್ಕು ಹಿಡಿದರೂ ಸರಿ ಎಂದು ಎತ್ತರಕ್ಕೆ ಬಿಟ್ಟಿರುತ್ತಾರೆ. ಮಗ ದುಡಿಯತೊಡಗಿದ ಮೇಲೆ ಇನ್ನೊಂದು ಅಂತಸ್ತು ಏರಿಸಬೇಕಲ್ಲ! ಇದನ್ನು ಹಿಂದುಳಿದಿರುವಿಕೆ ಎನ್ನುವುದು ಸುಲಭ. ವಾಸ್ತವದಲ್ಲಿ ಇದು ಬಡ್ಡಿಯಿಲ್ಲದ ಗೃಹಸಾಲ. ಕೈಯಲ್ಲಿರುವ ರೊಕ್ಕಕ್ಕೆ ತಕ್ಕಷ್ಟೇ ಕಟ್ಟಿ ನಿಲ್ಲಿಸುವ ಸ್ವಾತಂತ್ರ್ಯ ಅದರಲ್ಲಿದೆ. ಸಿದ್ಧ ಮನೆಗೆ ಆ ಸ್ವಾತಂತ್ರ್ಯವಿಲ್ಲ. ಅರ್ಧ ಮನೆಯನ್ನು ಲಾರಿಯಿಂದ ಇಳಿಸಿಕೊಂಡು ಉಳಿದರ್ಧವನ್ನು ಮುಂದಿನ ಸುಗ್ಗಿಗೆ ಕೊಡಿ ಎನ್ನಲಾಗದು.

ಮೂರು ಊರುಗಳ ನೆಲವೂ ಬೇರೆ ಬೇರೆ ಲೆಕ್ಕ ಹೇಳುತ್ತದೆ. ಬೀದರ್ ನಗರ ಕೂತಿರುವುದು ಕೆಂಪು ಜಂಬಿಟ್ಟಿಗೆಯ ದಿಬ್ಬದ ಮೇಲೆ. ಪಾಯಕ್ಕೆ ಹೆಚ್ಚು ಖರ್ಚಿಲ್ಲ, ಆದರೆ ಚೌಬಾರಾ ಸುತ್ತಲಿನ ಹಳೆಯ ಓಣಿಗಳಿಗೆ ಕ್ರೇನು ನುಗ್ಗುವುದಿಲ್ಲ. ಹೊರವಲಯದ ಹೊಸ ಬಡಾವಣೆಗಳಲ್ಲಿ ಕ್ರೇನು ಬರುತ್ತದೆ. ಅಲ್ಲಿ ಸೈಟು ಕೊಂಡ ನೌಕರನಿಗೆ ತನ್ನ ಮನೆ ಪಕ್ಕದ ಮನೆಯಂತಿರಕೂಡದು. ಭಾಲ್ಕಿ, ಔರಾದ್‌ಗಳಲ್ಲಿ ಎರೆ ನೆಲ ಹೆಚ್ಚು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಈ ಮಣ್ಣಿನಲ್ಲಿ ಆಳಕ್ಕೆ ತೋಡಿ ಮುರುಮ ತುಂಬಿ ಪಾಯ ಎಬ್ಬಿಸಬೇಕು. ಮನೆಯ ಖರ್ಚಿನಲ್ಲಿ ದೊಡ್ಡ ಪಾಲು ಅಲ್ಲಿಗೇ ಹೋಗುತ್ತದೆ, ಆ ಪಾಲನ್ನು ಯಾವ ಕಾರ್ಖಾನೆಯೂ ಕಡಿಮೆ ಮಾಡಲಾರದು. ಇನ್ನು ಔರಾದಿನ ಹಳ್ಳಿಗೆ ಕಾಂಕ್ರೀಟ್ ಗೋಡೆ ಹೊತ್ತು ತರುವ ಲಾರಿಯ ಬಾಡಿಗೆಯನ್ನು ಲೆಕ್ಕಕ್ಕೆ ಸೇರಿಸಿದರೆ ಗೌಂಡಿಯ ಕೂಲಿಯಲ್ಲಿ ಉಳಿಸಿದ್ದು ದಾರಿಯಲ್ಲೇ ಕರಗುತ್ತದೆ.

ಹಾಗಾದರೆ ಸರ್ಕಾರವೇ ದೊಡ್ಡ ಗಿರಾಕಿಯಾಗಬಾರದೇಕೆ ಎಂದು ಕೇಳಬಹುದು. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲುಸೀಮೆಯ ಫಲಾನುಭವಿಗೆ ಸಿಗುವ ಸಹಾಯಧನ ₹1.20 ಲಕ್ಷ, ಮನೆಯ ಕನಿಷ್ಠ ಅಳತೆ 25 ಚದರ ಮೀಟರ್. ಈ ದುಡ್ಡು ಮನೆ ಮಾರುವ ಕಂಪನಿಗೆ ಹೋಗುವುದಿಲ್ಲ, ಫಲಾನುಭವಿಯ ಖಾತೆಗೆ ಕಂತಿನಲ್ಲಿ ಬರುತ್ತದೆ. ಕರ್ನಾಟಕದಲ್ಲಿ ರಾಜೀವ್ ಗಾಂಧಿ ವಸತಿ ನಿಗಮದ ಕ್ರಮವೂ ಅದೇ: ಪಾಯ, ಲಿಂಟಲ್, ಛಾವಣಿ, ಪೂರ್ಣ ಎಂಬ ಹಂತಗಳಲ್ಲಿ ಜಿಪಿಎಸ್ ಫೋಟೊ ಸೇರಿದಂತೆಲ್ಲ ಹಣ. ಗೌಂಡಿಯ ಕೆಲಸಕ್ಕೆ ಹೊಂದಿಸಿದ ವ್ಯವಸ್ಥೆ ಇದು. ಸಿದ್ಧ ಮನೆಯ ಖರ್ಚೆಲ್ಲ ಸೈಟಿಗೆ ಬರುವ ಮುಂಚೆಯೇ ಕಾರ್ಖಾನೆಯಲ್ಲಿ ಆಗಿಹೋಗಿರುತ್ತದೆ, ಫೋಟೊ ತೆಗೆಯಲು ಅಲ್ಲಿ ಲಿಂಟಲ್ ಹಂತವೇ ಇರುವುದಿಲ್ಲ. ಕಂತುಗಳ ಕ್ರಮ ಬದಲಾಗದೆ ಈ ಎರಡು ಕೋಟಿ ಮನೆಗಳನ್ನು ಸಿದ್ಧ ಮನೆಯ ಮಾರುಕಟ್ಟೆ ಎಂದು ಎಣಿಸುವುದು ತಪ್ಪು.

ತೆರಿಗೆಯ ಪೆಟ್ಟು ಬೇರೆ. ಸಿದ್ಧ ಕಟ್ಟಡದ ಪೂರ್ತಿ ಬೆಲೆಗೆ ಶೇ 18 ಜಿಎಸ್‌ಟಿ ಬೀಳುತ್ತದೆ. ಸ್ವಂತಕ್ಕೆ ಒಂಟಿ ಮನೆ ಕಟ್ಟಿಸುವವನು ಗೌಂಡಿಗೆ ಕೊಡುವ ಬರೀ ಕೂಲಿಗೆ ಜಿಎಸ್‌ಟಿ ಇಲ್ಲ. ಹತ್ತು ಲಕ್ಷದ ಮನೆಯಲ್ಲಿ ಮೂರು ಲಕ್ಷ ಕೂಲಿ ಎಂದಿಟ್ಟುಕೊಳ್ಳಿ. ಅದೇ ಕೂಲಿ ಕಾರ್ಖಾನೆಯೊಳಗೆ ನಡೆದರೆ ಅದರ ಮೇಲೊಂದರಲ್ಲೇ ₹54,000 ತೆರಿಗೆ. ಕಾರ್ಖಾನೆ ದಕ್ಷತೆಯಿಂದ ಉಳಿಸಿದ್ದರಲ್ಲಿ ಮೊದಲು ಈ ಹಳ್ಳ ತುಂಬಬೇಕು.

ಇಡೀ ಮನೆ ಮಾರಿ ಉಳಿಯುವುದು ಕಷ್ಟ ಎಂದು ಚರಿತ್ರೆಯೂ ಹೇಳುತ್ತದೆ, ಅದರಲ್ಲೊಂದು ಪಾಠಕ್ಕೆ ಕರ್ನಾಟಕದ ನಂಟಿದೆ. ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ 1939ರಿಂದ ದುಡಿದ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಟ್ಟಡಗಳನ್ನು ವಿನ್ಯಾಸ ಮಾಡಿದ ಓಟೊ ಕೋನಿಗ್ಸ್‌ಬರ್ಗರ್ ಸ್ವಾತಂತ್ರ್ಯದ ನಂತರ ಕೇಂದ್ರದಲ್ಲಿ ವಸತಿ ನಿರ್ದೇಶಕರಾದರು. ದೇಶ ವಿಭಜನೆಯ ನಿರಾಶ್ರಿತರಿಗೆ ಸಿದ್ಧ ಮನೆ ಮಾಡಿಕೊಡಲು ದೆಹಲಿಯಲ್ಲಿ ಸರ್ಕಾರಿ ಕಾರ್ಖಾನೆ ಎದ್ದಿತು. ಹಗುರ ಕಾಂಕ್ರೀಟಿನ ಗೋಡೆಗಳು ಬಿರುಕುಬಿಟ್ಟವು, ಸಂಸತ್ತಿನಲ್ಲಿ ಗದ್ದಲವಾಯಿತು, ಕೋನಿಗ್ಸ್‌ಬರ್ಗರ್ 1951ರಲ್ಲಿ ಭಾರತ ಬಿಟ್ಟರು. ಕಾರ್ಖಾನೆ ಮುಚ್ಚಲಿಲ್ಲ. ಮುಂದೆ ಹಿಂದೂಸ್ತಾನ್ ಪ್ರಿಫ್ಯಾಬ್ ಎಂದು ಹೆಸರಾದ ಅದು ವಿದ್ಯುತ್ ಕಂಬ, ರೈಲ್ವೆ ಸ್ಲೀಪರು, ಕಾಂಕ್ರೀಟ್ ಬಿಡಿಭಾಗಗಳನ್ನು ಮಾಡಿಕೊಂಡು ದಶಕಗಟ್ಟಲೆ ಉಳಿಯಿತು. ಇಂದಿರಾ ಕ್ಯಾಂಟೀನಿನ ಗೋಡೆ ಎರಕ ಹೊಯ್ದ ಕೆಇಎಫ್ ಕಂಪನಿಯನ್ನು 2018ರಲ್ಲಿ ಅಮೆರಿಕದ ಕಟ್ಟಡ ಕಂಪನಿ ಕಟೆರಾ ತನ್ನೊಳಗೆ ಸೇರಿಸಿಕೊಂಡಿತು. ಜಪಾನಿನ ಸಾಫ್ಟ್‌ಬ್ಯಾಂಕ್ ಸುಮಾರು 200 ಕೋಟಿ ಡಾಲರ್ ಸುರಿದಿದ್ದ ಆ ಕಟೆರಾ 2021ರ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಅಷ್ಟು ಹಣ ಸುರಿದರೂ ಕಂಪನಿ ಉಳಿಯಲಿಲ್ಲ. ಒಂದೊಂದು ಊರಿಗೂ ಒಂದೊಂದು ರೀತಿಯ ಕಟ್ಟಡವನ್ನು ಒಂದೇ ಕಾರ್ಖಾನೆಯ ಶಿಸ್ತಿಗೆ ಒಗ್ಗಿಸಹೊರಟದ್ದು ಅದಕ್ಕೆ ಭಾರವಾದ ಕಾರಣಗಳಲ್ಲಿ ಒಂದು.

ಈ ವಾದಕ್ಕೊಂದು ಬಲವಾದ ಆಕ್ಷೇಪವಿದೆ. ಜನ ಬದಲಾಗುವುದಿಲ್ಲ ಎನ್ನುವವರಿಗೆ ಬೀದರಿನ ಹಳ್ಳಿಗಳೇ ಉತ್ತರವಲ್ಲವೇ? ಒಂದು ಕಾಲಕ್ಕೆ ಎಲ್ಲೆಲ್ಲೂ ಕಲ್ಲು ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿ ಸುಮಾರು ಹತ್ತು ಸಾವಿರ ಜನ ಸತ್ತರು, ಹೆಚ್ಚಿನವರು ಅಂಥ ಗೋಡೆಗಳಡಿಯಲ್ಲೇ. ಆಮೇಲೆ ಈ ಕಡೆಯೂ ಮಾಳಿಗೆ ಮನೆಯ ಮೇಲಿನ ನಂಬಿಕೆ ಸಡಿಲಿ ಸಿಮೆಂಟು ಬೇರೂರಿತು. ಹಾಗಿದ್ದ ಮೇಲೆ ಸಿದ್ಧ ಮನೆಯೂ ಬಾರದೇ?

ಬದಲಾವಣೆ ಆಯಿತು, ಸರಿ. ಆದರೆ ಸಿಮೆಂಟು ಬಂದ ಬಗೆ ಗಮನಿಸಿ: ಅದು ಚೀಲದಲ್ಲಿ ಬಂತು. ಇವತ್ತು ಐದು ಚೀಲ, ಮುಂದಿನ ತಿಂಗಳು ಹತ್ತು. ಮನೆ ಕಟ್ಟುವ ಹಳೆಯ ರೂಢಿಯನ್ನು ಅದು ಮುರಿಯಲಿಲ್ಲ, ಅದರೊಳಗೇ ಸೇರಿಕೊಂಡಿತು. ಭಾಲ್ಕಿಯಂಥ ಊರಿನ ಹೊರವಲಯದ ಒಂದು ಸಿಮೆಂಟ್ ಸಾಮಾನಿನ ಅಂಗಳ ನೋಡಿದರೆ ಇದು ತಿಳಿಯುತ್ತದೆ. ಶೌಚಗುಂಡಿಯ ರಿಂಗುಗಳು ಒಂದರ ಮೇಲೊಂದು, ಪಕ್ಕದಲ್ಲಿ ಬಾಗಿಲ ಚೌಕಟ್ಟು, ಗಾಳಿಗೆ ಜಾಳಿ, ಹೊಲದ ಬೇಲಿಗೆ ಕಂಬ, ಕಾಂಪೌಂಡಿಗೆ ಸರಿಸಿ ಕೂರಿಸುವ ಹಲಗೆ. ಎಲ್ಲವೂ ಅಚ್ಚಿನಲ್ಲಿ ತೆಗೆದವು, ನೀರುಣಿಸಿ ಒಣಗಲು ಬಿಟ್ಟವು. ಗಿರಾಕಿ ಟ್ರ್ಯಾಕ್ಟರ್ ತಂದು ನಾಲ್ಕು ರಿಂಗು, ಎರಡು ಚೌಕಟ್ಟು ಹೇರಿಕೊಂಡು ಹೋಗುತ್ತಾನೆ. ಇದೂ ಕಾರ್ಖಾನೆಯ ಮನೆಯೇ, ಬಿಡಿಬಿಡಿಯಾಗಿ ಮಾರಾಟವಾಗುವ ಮನೆ. ಅದಕ್ಕೆ ಪ್ರಚಾರ ಬೇಕಾಗಿಲ್ಲ, ಸಾಲವೂ ಬೇಕಾಗಿಲ್ಲ.

ಹೂಡಿಕೆಯ ಮಾತಿಗೆ ಬಂದರೆ, ಇಲ್ಲಿಂದ ಎರಡು ದಾರಿ ಕಾಣುತ್ತವೆ. ಒಂದು, ಬಿಡಿಭಾಗದ ದಾರಿ. ಸಿದ್ಧ ತೊಲೆ, ಸ್ಲ್ಯಾಬ್ ಹಲಗೆ, ಮೆಟ್ಟಿಲು ಇವನ್ನು ಐವತ್ತು ಅರವತ್ತು ಕಿಲೊಮೀಟರ್ ವ್ಯಾಪ್ತಿಯಲ್ಲಿ, ಸ್ಥಳೀಯ ಗೌಂಡಿಯೇ ಕೂರಿಸಬಲ್ಲ ತೂಕದಲ್ಲಿ ಮಾಡುವವರಿಗೆ ಬೀದರ್ ಜಿಲ್ಲೆ ಒಳ್ಳೆಯ ಮಾರುಕಟ್ಟೆ. ಸೆಂಟ್ರಿಂಗ್ ಹಲಗೆಯ ಬಾಡಿಗೆ, ಎರಡು ಮೂರು ವಾರದ ಕಾಯುವಿಕೆ ತಪ್ಪುತ್ತದೆ. ಎರಡು, ಸಾಂಸ್ಥಿಕ ಕಟ್ಟಡದ ದಾರಿ. ಬೀದರ್‌ಗೆ ತಾಗಿದಂತೆಯೇ ಇರುವ ತೆಲಂಗಾಣದ ಜಹೀರಾಬಾದ್ 2024ರ ಆಗಸ್ಟ್‌ನಲ್ಲಿ ಕೇಂದ್ರ ಒಪ್ಪಿದ 12 ಕೈಗಾರಿಕಾ ನಗರಗಳಲ್ಲಿ ಒಂದು. ಗೋದಾಮು, ಶೆಡ್ಡು, ಕಾರ್ಮಿಕರ ವಸತಿ ಇವೆಲ್ಲ ಒಂದೇ ನಕ್ಷೆಯ ನೂರು ಕಟ್ಟಡಗಳು. ಹೈದರಾಬಾದ್ ರಸ್ತೆಯ ಸದಾಶಿವಪೇಟೆಯಲ್ಲಿ ಪೆನ್ನಾರ್ ಕಂಪನಿಯ ಉಕ್ಕಿನ ಕಟ್ಟಡದ ಕಾರ್ಖಾನೆ ಆಗಲೇ ಇದೆ. ಬೀದರಿನ ಹಾಸ್ಟೆಲ್‌ಗಳು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ಏಳುವ ಶಾಲಾ ಕೋಣೆಗಳು ಇದೇ ಸಾಲಿನವು. ಇಲ್ಲಿನ ಅಪಾಯ ಬೇಡಿಕೆಯದಲ್ಲ, ವಸೂಲಿಯದು. ಸಣ್ಣ ಉದ್ದಿಮೆಗೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾಯ್ದೆ ಹೇಳುತ್ತದೆ. ಸರ್ಕಾರಿ ಬಿಲ್ಲಿಗಾಗಿ ಅಲೆದವರಿಗೆ ಆ ಕಾಯ್ದೆಯ ಬೆಲೆ ಗೊತ್ತು.

ಅಮೆರಿಕದಲ್ಲಿ ಇಡೀ ಮನೆ ಮಾರಿಯೇ ಗೆದ್ದವರಿಲ್ಲವೇ? ಇದ್ದಾರೆ. ಬರ್ಕ್‌ಷೈರ್ ಹ್ಯಾತವೇ 2003ರಲ್ಲಿ 170 ಕೋಟಿ ಡಾಲರ್ ಕೊಟ್ಟು ಕೊಂಡ ಕ್ಲೇಟನ್ ಹೋಮ್ಸ್ ಅದರ ಉದಾಹರಣೆ. ಆ ಕಂಪನಿ ಮನೆಯ ಜೊತೆ ಮನೆಸಾಲವನ್ನೂ ತಾನೇ ಮಾರುತ್ತದೆ, ಅದರ ಗಳಿಕೆಯ ಬೆನ್ನೆಲುಬು ಆ ಸಾಲವೇ. ಔರಾದಿನ ಹಳ್ಳಿಯಲ್ಲಿ ಸಾಲ ಕೇಳಿದರೆ ಬ್ಯಾಂಕಿನವರು ಮೊದಲು ಕೇಳುವುದು ಗ್ರಾಮ ಪಂಚಾಯಿತಿಯ ಇ-ಸ್ವತ್ತು ಆಸ್ತಿ ದಾಖಲೆ. ಊರಿನ ವಸತಿ ಜಾಗವಾದ ಗಾವಠಾಣದ ಆಚೆ ಕಟ್ಟಿಕೊಂಡವರಲ್ಲಿ ಬಹಳ ಮಂದಿಗೆ ಅದು ಇಲ್ಲ. ಕಾಗದವಿಲ್ಲದ ಜಾಗದ ಮೇಲೆ ಕಳಚಿ ಒಯ್ಯಬಹುದಾದ ಮನೆ ನಿಲ್ಲಿಸಿದರೆ ಯಾವ ಬ್ಯಾಂಕು ಒಪ್ಪೀತು?

ಆದ್ದರಿಂದ ಸಿದ್ಧ ಮನೆಯ ಕಂಪನಿಯ ಷೇರು ಕೊಳ್ಳುವವರು ದೇಶದ ವಸತಿ ಕೊರತೆಯ ಅಂಕಿಗಳಿಗೆ ಮರುಳಾಗದೆ ಕಂಪನಿಯ ಆರ್ಡರ್ ಪುಸ್ತಕವನ್ನು ಓದಬೇಕು. ಅದರಲ್ಲಿ ಮನೆಗಳ ಪಾಲೆಷ್ಟು, ಗೋದಾಮುಗಳ ಪಾಲೆಷ್ಟು? ಒಂದೇ ನಕ್ಷೆಗೆ ಮತ್ತೆ ಮತ್ತೆ ಬಂದ ಗಿರಾಕಿಗಳು ಎಷ್ಟು? ಮಾರಿದ ಮಾಲಿನ ಹಣ ಎಷ್ಟು ದಿನಕ್ಕೆ ಕೈಸೇರುತ್ತದೆ? ಗೋದಾಮು ಹೆಚ್ಚಿದ್ದು ವಸೂಲಿ ಚುರುಕಾಗಿದ್ದರೆ ಕಂಪನಿ ಚೆನ್ನಾಗಿದೆ. ಅದನ್ನು ಮನೆ ಕಂಪನಿ ಎಂದು ಕರೆದು ಹೆಚ್ಚಿನ ಬೆಲೆ ತೆರಬೇಕಿಲ್ಲ. ವಸತಿ ನಿಗಮ ಕಂತಿನ ಹಂತಗಳನ್ನು ಬದಲಿಸಿ, ಸಿದ್ಧ ಮನೆಯ ತೆರಿಗೆ ಇಳಿದು, ಹಳ್ಳಿಯ ಜಾಗಕ್ಕೆ ಕಾಗದ ಸಿಕ್ಕ ದಿನ ಈ ಲೆಕ್ಕವನ್ನು ಹೊಸದಾಗಿ ಹಾಕಬೇಕಾಗುತ್ತದೆ. ಅಲ್ಲಿಯವರೆಗೆ ಭಾಲ್ಕಿ, ಔರಾದ್‌ನಲ್ಲಿ ಹಣ ಹೂಡುವವರಿಗೆ ಇಡೀ ಮನೆ ಮಾರುವವನಿಗಿಂತ ಚೌಕಟ್ಟು, ತೊಲೆ ಮಾರುವವನೇ ಮೇಲು.