ಕಾಷಿನಿನ ರಾಣಿ ಅನ್ನಳು

ಒಬ್ಬ ಸ್ತ್ರೀಯ ಬಾಳನ್ನು ಯಾವುದರಿಂದ ಅಳೆಯತಕ್ಕದ್ದು ಎಂಬ ಪ್ರಶ್ನೆಯು ಹೆಣ್ಣುಮಕ್ಕಳ ತಂದೆತಾಯಿಗಳಿಗೂ ಅವರಿಗೆ ಕಲಿಸುವ ನಮಗೂ ಸಮಾನವಾದುದು. ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ತಿಳಿಸುವುದಕ್ಕಾಗಿ, ರಷ್ಯಾ ದೇಶದ ಸಂತಳಾದ ರಾಣಿ ಅನ್ನಳ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ಪೋಷಕರ ಮುಂದೆಯೂ ಇಡುತ್ತೇವೆ.

ಅನ್ನಳು ರೊಸ್ತೋವ್ ಸಂಸ್ಥಾನದ ರಾಜಪುತ್ರಿ. 1294ರಲ್ಲಿ ತ್ವೆರ್ ಪಟ್ಟಣದ ಅರಸನಾದ ಮಿಖಾಯಿಲನನ್ನು ವಿವಾಹವಾದಳು. ಆ ಕಾಲದ ರಷ್ಯದ ಅರಸರು ಮಂಗೋಲರ ಖಾನನಿಗೆ ಅಧೀನರು. ಅವನು ಕರೆದಾಗ ಅವನ ಪಾಳೆಯಕ್ಕೆ ಹೋಗಬೇಕಾಗಿತ್ತು. ಹೋದವರೆಲ್ಲರೂ ಹಿಂದಿರುಗುತ್ತಿರಲಿಲ್ಲ. 1318ರಲ್ಲಿ ಮಿಖಾಯಿಲನು ಅಲ್ಲಿ ಕೊಲ್ಲಲ್ಪಟ್ಟನು. 1326ರಲ್ಲಿ ಮಗನಾದ ದ್ಮಿತ್ರಿಯೂ, 1339ರಲ್ಲಿ ಇನ್ನೊಬ್ಬ ಮಗ ಅಲೆಕ್ಸಾಂದರನೂ ಮೊಮ್ಮಗ ಫ್ಯೋದರನೂ ಅದೇ ರೀತಿಯಾಗಿ ಹತರಾದರು. ಇದರ ನಡುವೆ 1327ರ ದಂಗೆಯ ತರುವಾಯ ತ್ವೆರ್ ಪಟ್ಟಣವೇ ಸೂರೆಹೋಯಿತು. ಐವತ್ತು ವರ್ಷಗಳ ವೈಧವ್ಯವನ್ನು ತಾಳಿದ ಆಕೆ ಸನ್ಯಾಸಿನಿಯಾಗಿ, ಕಿರಿಯ ಮಗನ ಪಟ್ಟಣವಾದ ಕಾಷಿನಿನಲ್ಲಿ ಕೊನೆಗಾಲವನ್ನು ಕಳೆದು, 1368ರಲ್ಲಿ ತೀರಿಕೊಂಡಳು.

1650ರಲ್ಲಿ ಆರ್ಥಡಾಕ್ಸ್ ಸಭೆಯು ಆಕೆಯನ್ನು ಸಂತಳೆಂದು ಗೌರವಿಸಿತು. ಚಕ್ರವರ್ತಿ ಅಲೆಕ್ಸೇಯನೇ ಕಾಷಿನಿಗೆ ಬಂದು ಉತ್ಸವದಲ್ಲಿ ಭಾಗವಹಿಸಿದನು. ಆದರೆ ಸ್ವಲ್ಪ ಕಾಲದಲ್ಲಿಯೇ, ಶಿಲುಬೆಯ ಗುರುತನ್ನು ಎರಡು ಬೆರಳುಗಳಿಂದ ಮಾಡಬೇಕೋ ಮೂರರಿಂದಲೋ ಎಂಬ ವಿವಾದವು ಹುಟ್ಟಿ ಸಭೆಯು ಒಡೆಯಿತು. ಸಮಾಧಿಯಲ್ಲಿರುವ ಅನ್ನಳ ಕೈಯು ಎರಡು ಬೆರಳುಗಳ ಗುರುತನ್ನೇ ತೋರಿಸುತ್ತದೆಂದು ಹಳೆಯ ಪದ್ಧತಿಯವರು ಸಾಕ್ಷಿ ಕೊಟ್ಟರು. 1677ರಲ್ಲಿ ಬಂದ ಪರೀಕ್ಷಕರು ಅದು ನಿಜವಲ್ಲವೆಂದೂ, ಆಕೆಯ ಜೀವನಚರಿತ್ರೆಯು ಪೂರ್ವದ ಇತಿಹಾಸಗ್ರಂಥಗಳಿಗೆ ಹೊಂದುವುದಿಲ್ಲವೆಂದೂ ವರದಿ ಮಾಡಿದರು. 1678ರ ಧರ್ಮಸಭೆಯು ಆಕೆಯ ಸಂತಪದವಿಯನ್ನೇ ತೆಗೆದುಹಾಕಿತು.

ಸಭೆಯ ಐಕ್ಯಕ್ಕಾಗಿ ಹಿರಿಯರು ಹೀಗೆ ಮಾಡಿದರೆಂದು ಕೆಲವರು ಹೇಳಬಹುದು. ಒಡಕಿನ ಭಯವು ಸಣ್ಣದಲ್ಲವೆಂಬುದನ್ನು ನಾವೂ ಒಪ್ಪುತ್ತೇವೆ. ಆದಾಗ್ಯೂ ಆ ತೀರ್ಪು ಅನ್ಯಾಯವಾದುದೆಂದೇ ನಮ್ಮ ಮತ. ಪುಸ್ತಕದಲ್ಲಿ ತಪ್ಪಿದ್ದರೆ ಪುಸ್ತಕವನ್ನು ತಿದ್ದಬೇಕಾಗಿತ್ತು. ತಾನು ಕೇಳಿಯೇ ಇರದ ಜಗಳದಲ್ಲಿ, ಮೂರು ಶತಮಾನಗಳ ಹಿಂದೆ ಸತ್ತವಳನ್ನು ಪ್ರತಿವಾದಿಯನ್ನಾಗಿ ನಿಲ್ಲಿಸಿದ್ದು ಯಾವ ನ್ಯಾಯ? ಆಕೆಯ ತಾಳ್ಮೆಯನ್ನಾಗಲಿ ಭಕ್ತಿಯನ್ನಾಗಲಿ ಸುಳ್ಳೆನ್ನುವುದಕ್ಕೆ ಬೆರಳುಗಳ ವಿವಾದವು ಸಾಕಾಗಲಿಲ್ಲ.

ಕಾಷಿನಿನ ಜನರು ಇದನ್ನು ಅರಿತಿದ್ದರು. ಅಧಿಕಾರವಿಲ್ಲದ ಆ ಊರಿನವರು ಇನ್ನೂರಕ್ಕೂ ಹೆಚ್ಚು ವರ್ಷಗಳ ಕಾಲ ಆಕೆಯ ಸ್ಮರಣೆಯನ್ನು ಬಿಡಲಿಲ್ಲ. ಕಡೆಗೆ 1909ರಲ್ಲಿ ಸಭೆಯು ಆಕೆಯ ಪದವಿಯನ್ನು ಪುನಃ ಸ್ಥಾಪಿಸಿತು.

ಪೋಷಕರೇ, ನಿಮ್ಮ ಮಗಳ ಒಂದು ಪರೀಕ್ಷೆಯ ಅಂಕಗಳೋ, ನೆರೆಯವರಾಡಿದ ಒಂದು ಮಾತೋ ನಿಮ್ಮ ಮುಂದೆ ಬಂದಾಗ, ಆಕೆ ಮನೆಯಲ್ಲಿ ಪ್ರತಿದಿನ ಹೊತ್ತ ಭಾರವನ್ನೂ ನೆನಸಿರಿ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಎಷ್ಟೋ ಮಂದಿ ಈಗ ತಾಯಂದಿರೂ ಉಪಾಧ್ಯಾಯಿನಿಯರೂ ಆಗಿ ಇತರರ ವಿಷಯದಲ್ಲಿ ತೀರ್ಪು ಹೇಳುವ ಸ್ಥಾನದಲ್ಲಿದ್ದೀರಿ. ಅವಸರದ ತೀರ್ಪನ್ನು ತಿದ್ದುವುದಕ್ಕೆ ಅಲ್ಲಿ 231 ವರ್ಷಗಳು ಬೇಕಾದುವು. ನಿಮ್ಮ ಕೈಯಲ್ಲಿರುವ ಹುಡುಗಿಗೆ ಅಷ್ಟು ಕಾಲವಿಲ್ಲ.