ನೋಟ್‌ಬುಕ್ ಪಾಲಿಕೆ ಕೊಡುತ್ತದೆ, ನಾವೇನು ಕೊಡಬೇಕು?

ಮುಂಬೈ ಮಹಾನಗರ ಪಾಲಿಕೆ ಎಂಟು ಭಾಷೆಗಳಲ್ಲಿ ಪ್ರಾಥಮಿಕ ಶಾಲೆ ನಡೆಸುತ್ತದೆ: ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗು ಮತ್ತು ಕನ್ನಡ. ಕನ್ನಡ ಮಾಧ್ಯಮದ ಪಠ್ಯಪುಸ್ತಕವನ್ನು ಮಹಾರಾಷ್ಟ್ರದ ‘ಬಾಲಭಾರತಿ’ಯೇ ಮುದ್ರಿಸುತ್ತದೆ. ಸಮವಸ್ತ್ರ, ಬೂಟು, ಚೀಲ, ನೋಟ್‌ಬುಕ್ ಎಲ್ಲವೂ ಪಾಲಿಕೆಯಿಂದ ಉಚಿತ. ಮಧ್ಯಾಹ್ನದ ಊಟವೂ ಉಂಟು.

ಇಷ್ಟಿದ್ದರೂ ಕನ್ನಡ ತರಗತಿಗಳಲ್ಲಿ ಮಕ್ಕಳ ಸಂಖ್ಯೆ ಕರಗುತ್ತಲೇ ಇದೆ. ನಾವು ಹೊರನಾಡ ಕನ್ನಡಿಗರು ಇದಕ್ಕೆ ಮರುಗುತ್ತೇವೆ. ನವೆಂಬರ್ ಬಂದರೆ ಶಾಲೆಗೆ ಹೋಗಿ ನೋಟ್‌ಬುಕ್ ಹಂಚಿ, ಫೋಟೊ ತೆಗೆಸಿಕೊಂಡು ಬರುತ್ತೇವೆ. ಪಾಲಿಕೆ ಜೂನ್‌ನಲ್ಲಿ ಕೊಟ್ಟದ್ದನ್ನೇ ಮತ್ತೆ ಕೊಡುವುದರಿಂದ ಯಾರಿಗೆ ಲಾಭ?

ಒಂದು ಕಾಲಕ್ಕೆ ಕರಾವಳಿಯಿಂದ ಬಂದ ಹೋಟೆಲ್ ಹುಡುಗರು ಹಗಲು ದುಡಿದು ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದರು. ಈಗ ಕನ್ನಡ ಶಾಲೆಯ ಅಗತ್ಯ ಹೆಚ್ಚಾಗಿರುವುದು ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಗುಳೆ ಬಂದ ಕಟ್ಟಡ ಕಾರ್ಮಿಕರ ಮಕ್ಕಳಿಗೆ. ಇವರಲ್ಲಿ ಕೆಲವರ ಮನೆಮಾತು ಲಂಬಾಣಿ, ಕೆಲವರದ್ದು ತೆಲುಗು ಬೆರೆತ ಕನ್ನಡ. ಬೀದಿಯಲ್ಲಿ ಹಿಂದಿ, ಪಾಠದಲ್ಲಿ ಮರಾಠಿ ಮತ್ತು ಇಂಗ್ಲಿಷ್. ಸೈಟ್‌ನ ಕೆಲಸ ಮುಗಿದೊಡನೆ ಮನೆಮಂದಿಯೆಲ್ಲ ಬೇರೆಡೆಗೆ ಹೊರಡುತ್ತಾರೆ. ಮಗುವಿನ ಓದು ಅಲ್ಲಿಗೇ ತುಂಡಾಗುತ್ತದೆ.

ಕಾನೂನು ಇವರ ಪರವಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂದು ಯಾವ ಮಗುವಿಗೂ ಪ್ರವೇಶ ನಿರಾಕರಿಸುವಂತಿಲ್ಲ. ವರ್ಗಾವಣೆ ಪತ್ರ ತಡವಾದರೂ ಸೇರಿಸಿಕೊಳ್ಳಬೇಕು. ಓದು ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದೆ ಬಿದ್ದಷ್ಟಕ್ಕೆ ವಿಶೇಷ ತರಬೇತಿ ಕೊಡಬೇಕು. ಸಾಧ್ಯವಾದಷ್ಟು ಮಾತೃಭಾಷೆಯಲ್ಲೇ ಕಲಿಸಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಆ ಸೌಲಭ್ಯ ಒದಗಿಸುವಂತೆ ಸಂವಿಧಾನದ 350ಎ ವಿಧಿ ರಾಜ್ಯಗಳಿಗೆ ಸೂಚಿಸುತ್ತದೆ. ಆದರೆ ಸೈಟ್‌ನ ತಗಡಿನ ಶೆಡ್‌ನಲ್ಲಿರುವ ತಾಯಿಗೆ ಇದನ್ನೆಲ್ಲ ಅವಳ ಮಾತಿನಲ್ಲಿ ಹೇಳುವವರು ಯಾರು?

ನಮ್ಮ ಕೆಲಸ ಅಲ್ಲಿದೆ. ನನ್ನಂಥ ಐಟಿಯವರಿಗೆ ಶನಿವಾರ ರಜೆ. ಮೇ ಕೊನೆಯಲ್ಲಿ ಎರಡು ಶನಿವಾರ ಹತ್ತಿರದ ಸೈಟ್‌ಗಳಿಗೆ ಹೋಗಿ, ಮೇಸ್ತ್ರಿಯ ಜೊತೆ ಮಾತಾಡಿ, ಶಾಲೆ ವಯಸ್ಸಿನ ಮಕ್ಕಳ ಪಟ್ಟಿ ಮಾಡಬಹುದು. ಪಾಲಕರೊಂದಿಗೆ ಮುಖ್ಯೋಪಾಧ್ಯಾಯರ ಬಳಿ ಹೋಗಿ ಅರ್ಜಿ ತುಂಬಿಸಬಹುದು. ಶಾಲೆ ದೂರವಿದ್ದರೆ ಹತ್ತು ಮಕ್ಕಳಿಗೊಂದು ರಿಕ್ಷಾದ ಬಾಡಿಗೆಯನ್ನು ಸಂಘ ಹೊರಬಹುದು. ವಾರಕ್ಕೊಮ್ಮೆ ಕೂತು ಮರಾಠಿ, ಇಂಗ್ಲಿಷ್ ಓದಿಸಬಹುದು. ಊರು ಬದಲಾದರೆ ಅಲ್ಲಿನ ಸಂಘಕ್ಕೆ ಫೋನ್ ಮಾಡಿ ಮಗುವಿನ ವಿಷಯ ತಿಳಿಸಬಹುದು. ಪುಣೆಯಲ್ಲಾಗಲಿ ಹೈದರಾಬಾದಿನಲ್ಲಾಗಲಿ ಕಾಯ್ದೆ ಒಂದೇ.

ಪಾಲಕರು ಇಂಗ್ಲಿಷ್ ಮಾಧ್ಯಮ ಬಯಸಿದರೆ ಅದು ಅವರ ಹಕ್ಕು. ‘ಪ್ರಾಥಮಿಕ ಮುಗಿದ ಮೇಲೆ ಕನ್ನಡದಲ್ಲಿ ಎಲ್ಲಿ ಓದಿಸಲಿ?’ ಎಂಬ ಅವರ ಪ್ರಶ್ನೆಯೂ ನ್ಯಾಯವಾದದ್ದೇ. ಅದಕ್ಕೆ ಉತ್ತರವಾಗಿ, ಮುಂದೆ ಮಾಧ್ಯಮ ಬದಲಾದರೂ ಮಗು ಎಡವದಷ್ಟು ಇಂಗ್ಲಿಷ್ ಮತ್ತು ಮರಾಠಿಯನ್ನು ನಾವು ಕಲಿಸಿರಬೇಕು. ಕನ್ನಡ ಶಾಲೆ ಉಳಿಯಬೇಕೆನ್ನುವ ನಾವು ನಮ್ಮ ಮಕ್ಕಳನ್ನು ಅಲ್ಲಿಗೆ ಕಳಿಸುತ್ತಿಲ್ಲ. ಹಾಗಿರುವಾಗ ಅಲ್ಲಿಗೆ ಬರುವ ಮಕ್ಕಳ ಓದಿಗೆ ಬೆನ್ನಾಗಿ ನಿಲ್ಲುವುದು ಕನಿಷ್ಠ ಕರ್ತವ್ಯ.

ಶಾಲೆ ತೆರೆಯುವುದು ಜೂನ್‌ನಲ್ಲಿ. ಸಂಘದ ಮುಂದಿನ ಸಭೆಯಲ್ಲಿ ರಾಜ್ಯೋತ್ಸವದ ಬಜೆಟ್‌ಗಿಂತ ಮೊದಲು ಈ ವಿಷಯ ಚರ್ಚೆಗೆ ಬರಲಿ.